ಒಂದನೆಯ ತುಂಡು

ಪತ್ರಿಕೆಯ ಪುಟವನ್ನು ನನ್ನ ಮುಂದೆ ಹರಡಿ ತಂಗಿ ಹೇಳಿದಳು: "ಅಕ್ಕಾ, ಕನ್ನಡಕ ಹಾಕ್ಕೊಂಡು ನೋಡು. ನೀನು ಕಟ್ಟಿದ ಮನೆ ಬೋರಲು ಬಿದ್ದಿದೆ."

ಚಿತ್ರದಲ್ಲಿದ್ದುದು ನನ್ನ ಮನೆಯೇ. ಇಪ್ಪತ್ತೇಳು ವರ್ಷಗಳ ಹಿಂದೆ, ಟೆಲಿಫೋನ್ ತಂತಿಯೊಳಗಿನಿಂದ ಇಂಟರ್ನೆಟ್ ತೊಟ್ಟುತೊಟ್ಟಾಗಿ ಇಳಿಯುತ್ತಿದ್ದ ಕಾಲದಲ್ಲಿ, ಒಂದು ಬಣ್ಣದ ಕಂಪನಿಯ ವೆಬ್‌ಸೈಟಿಗಾಗಿ ನಾನು ರಚಿಸಿದ ಮನೆ. ಗೋಡೆಯನ್ನು ಒತ್ತಿದರೆ ಗೋಡೆಗೆ ಬಳಿಯುವ ಬಣ್ಣಗಳು, ಬಾಗಿಲನ್ನು ಒತ್ತಿದರೆ ಮರಕ್ಕೆ ಬಳಿಯುವ ಬಣ್ಣಗಳು ತೆರೆದುಕೊಳ್ಳುತ್ತಿದ್ದವು. ಈಗ ಅದರ ಅಡಿಪಾಯದ ಕಲ್ಲು ಎಲ್ಲಕ್ಕಿಂತ ಮೇಲಿತ್ತು. ಅದರ ಕೆಳಗೆ ಮೆಟ್ಟಿಲು, ಬಾಗಿಲು, ಕಿಟಕಿ, ಹೆಂಚು. ಕಟ್ಟಕಡೆಗೆ, ಪಾತಾಳದಲ್ಲಿ, ಹೊಗೆಗೂಡಿನ ಮೇಲೆ ಕೂರಬೇಕಾಗಿದ್ದ ಹಕ್ಕಿ. ಒಂದು ವಸ್ತುಸಂಗ್ರಹಾಲಯದಲ್ಲಿ ನಡೆಯಲಿದ್ದ ಪ್ರದರ್ಶನದ ಸುದ್ದಿ ಅದು. ಅಡಿಯಲ್ಲಿ ಹೀಗೆ ಮುದ್ರಿಸಿದ್ದರು: 'ತಲೆಕೆಳಗಾದ ಮನೆ: ಅಂತರ್ಜಾಲದ ಬಾಲ್ಯಕಾಲದ ಮೇರುಕೃತಿ.' ಪಕ್ಕದಲ್ಲಿ ಗಲ್ಲಕ್ಕೆ ಬೆರಳಿಟ್ಟು ಕುಳಿತ ಕಲಾವಿದರ ಭಾವಚಿತ್ರ. ಅವರು ಕಲಾವಿದರಲ್ಲ. ವೆಬ್‌ಸೈಟು ಮಾಡಿಕೊಡುತ್ತಿದ್ದ ಅಂದಿನ ನಮ್ಮ ಕಚೇರಿಯ ಮಾಲೀಕರು. ಕೆಲಸಗಾರರಾದ ನಾವು ಬೆನ್ನ ಹಿಂದೆ ಅವರನ್ನು ನವಿಲು ಎನ್ನುತ್ತಿದ್ದೆವು.

ಆ ಕಚೇರಿಗೆ ಸೇರುವ ಮೊದಲು ನಾನು ಹತ್ತೊಂಬತ್ತು ವರ್ಷ ಮುದ್ರಣಾಲಯದಲ್ಲಿ ಅಚ್ಚುಮೊಳೆ ಜೋಡಿಸಿದವಳು. ಸೀಸದ ಅಕ್ಷರಗಳು ಗುಜರಿಯ ಪಾಲಾದಾಗ ನವಿಲು ನನ್ನನ್ನು ಕರೆದು ಕಂಪ್ಯೂಟರಿನ ಮುಂದೆ ಕೂರಿಸಿದರು. ಅದು ಉಪಕಾರವೇ, ಅಲ್ಲವೆನ್ನಲಾರೆ. ಆದರೆ ಮನೆಯ ಪುಟಕ್ಕೆ ಪರದೇಶದಿಂದ ಬಹುಮಾನ ಬಂದಾಗ ವೇದಿಕೆ ಹತ್ತಿದವರು ಅವರೊಬ್ಬರೇ. ಪುಟದಲ್ಲಿದ್ದುದೂ ಅವರದೊಂದೇ ಹೆಸರು. ಕೇಳಿದ್ದಕ್ಕೆ, ಹತ್ತು ಜನರ ಎದುರಿನಲ್ಲಿ ನಕ್ಕರು: "ಕೈಗೆಲಸದೋರ ಹೆಸರೆಲ್ಲ ಹಾಕ್ತಾ ಹೋದ್ರೆ ಪುಟದಲ್ಲಿ ಜಾಗ ಎಲ್ಲಮ್ಮ ಉಳಿಯುತ್ತೆ?" ಮರುವಾರ ನನ್ನ ಕುರ್ಚಿ ಉಗ್ರಾಣದ ಬಾಗಿಲ ಬಳಿ ಇತ್ತು. ಅದರ ಮೇಲೆ ನಾನು ಕೂರಲಿಲ್ಲ, ಕೆಲಸ ಬಿಟ್ಟು ಮನೆಗೆ ನಡೆದೆ.

"ಫೋನ್ ಮಾಡು ಆ ವಸ್ತುಸಂಗ್ರಹಾಲಯಕ್ಕೆ," ಎಂದಳು ತಂಗಿ. "ಈಗಲೇ ಮಾಡು."

"ಮಾಡಲ್ಲ."

"ಅದ್ಯಾಕೆ?"

"ಈಗ ಮಾಡಿದ್ರೆ ಒಂದು ತಿದ್ದುಪಡಿ ಆಗುತ್ತೆ, ಅಷ್ಟೇ."

"ತಿದ್ದುಪಡಿ ಬೇಡ್ವಾ ನಿನಗೆ?"

"ಬೇಕು ಕಣೆ. ಜನ ಸೇರಿದ ಮೇಲೆ ಬೇಕು."

ತಂಗಿ ಬದುಕೆಲ್ಲ ಬಟ್ಟೆ ಹೊಲಿದವಳು. ಹಲ್ಲಿನ ನಡುವೆ ಗುಂಡುಸೂಜಿ ಕಚ್ಚಿಕೊಂಡೇ ಮಾತಾಡುವುದು ಅವಳಿಗೆ ಅಭ್ಯಾಸ; ಸೂಜಿ ಇಲ್ಲದ ದಿನವೂ ಮಾತು ಚುಚ್ಚುತ್ತದೆ. ಅಂದು ಮಾತ್ರ ನನ್ನ ಮುಖವನ್ನು ನೋಡಿ ಪತ್ರಿಕೆಯನ್ನು ಮಡಿಚಿಟ್ಟಳು.

ಮನೆ ಮಗುಚಿದ್ದು ಹೇಗೆಂಬುದು ನನಗೆ ಒಂದೇ ನೋಟಕ್ಕೆ ತಿಳಿದಿತ್ತು. ಮೊಳೆ ಜೋಡಿಸುವವರು ಎಡಗೈಯಲ್ಲೊಂದು ಲೋಹದ ಪಟ್ಟಿ ಹಿಡಿದು, ಅದರಲ್ಲಿ ಅಕ್ಷರಗಳನ್ನು ತಲೆಕೆಳಗಾಗಿ ಕೂರಿಸುತ್ತಾರೆ. ಮೊದಲನೆಯ ಸಾಲು ಬುಡದಲ್ಲಿ, ಮೈಗೆ ಹತ್ತಿರ. ಎರಡನೆಯದು ಅದರ ಮೇಲೆ. ಹೀಗೆ ಪುಟ ಕೆಳಗಿನಿಂದ ಏರುತ್ತದೆ. ಹತ್ತೊಂಬತ್ತು ವರ್ಷ ಹಾಗೆ ದುಡಿದ ಕೈಗೆ 'ಒಂದು' ಎಂದರೆ ಎಡಗಡೆಯ ಕೆಳಮೂಲೆ. ಆ ಕಾಲದಲ್ಲಿ ದೊಡ್ಡ ಚಿತ್ರವನ್ನು ಇಡಿಯಾಗಿ ಕಳಿಸಿದರೆ ತಂತಿ ಉಸಿರುಗಟ್ಟುತ್ತಿತ್ತು. ಆದ್ದರಿಂದ ಮನೆಯನ್ನು ನಲವತ್ತೆಂಟು ತುಂಡು ಮಾಡಿ, ನನ್ನ ಕೈಯ ರೂಢಿಯಂತೆಯೇ ಬುಡದಿಂದ ಅಂಕಿ ಹಾಕಿದ್ದೆ. ಆಮೇಲೆ, ಬಂದದ್ದು ಬರಲೆಂದು, ತುಂಡುಗಳು ಅದೇ ಕ್ರಮದಲ್ಲಿ ಇಳಿದುಬರುವಂತೆ ಪುಟವನ್ನು ಬರೆದೆ. ಜಗತ್ತಿನ ಮಿಕ್ಕ ಚಿತ್ರಗಳೆಲ್ಲ ನೆತ್ತಿಯಿಂದ ಕೆಳಗೆ ಮೂಡುತ್ತಿದ್ದಾಗ ನನ್ನ ಮನೆಯೊಂದು ನೋಡುವವರ ಕಣ್ಣೆದುರಿಗೆ ಅಡಿಪಾಯದಿಂದ ಎದ್ದು ನಿಲ್ಲುತ್ತಿತ್ತು. ಬಹುಮಾನ ಬಂದದ್ದು ಅದಕ್ಕೆ.

ನವಿಲಿನ ಹತ್ತಿರ ಉಳಿದಿದ್ದುದು ತುಂಡುಗಳಷ್ಟೇ; ಅವನ್ನು ಜೋಡಿಸುವ ಪುಟ ಕಳೆದುಹೋಗಿರಬೇಕು. ಜೋಡಿಸುವ ಬಗೆಯನ್ನು ಸಂಗ್ರಹಾಲಯದವರು ಕೇಳಿದಾಗ ನವಿಲು ಮೇಲಿನಿಂದ ಎಂದಿರಬೇಕು. ಬಂದ ವಿಕಾರವನ್ನು ಕಂಡು ಸಂಗ್ರಹಾಲಯದವರು ಬೆರಗಾಗಿ ಹೊಗಳಿರಬೇಕು. ಹೊಗಳಿಕೆ ಮೊದಲು ಬಂತು, ನೆನಪು ಆಮೇಲೆ ಬಂತು. ಹಾಗಾದಾಗ ನೆನಪನ್ನು ಬಾಗಿಲಲ್ಲೇ ತಡೆದು ನಿಲ್ಲಿಸುವಷ್ಟು ಜಾಣತನ ಆ ಮನುಷ್ಯನಿಗಿತ್ತು.

ವಿಧ್ಯುಕ್ತ ಉದ್ಘಾಟನೆಗೆ ಇನ್ನೂ ಹನ್ನೊಂದು ದಿನವಿತ್ತು. ಆದರೆ ಪ್ರದರ್ಶನದ ಕೋಣೆಗಳನ್ನು ಅಷ್ಟರಲ್ಲೇ ಜನರಿಗೆ ತೆರೆದಿದ್ದರು. ಮಾರನೆಯ ಬೆಳಿಗ್ಗೆ ನಾನೊಬ್ಬಳೇ ಹೋದೆ.

ಹಲ್ಲು ಕಚ್ಚಿಕೊಂಡೇ ಒಳಗೆ ಕಾಲಿಟ್ಟವಳು ಮೊದಲನೆಯ ಕೋಣೆಯಲ್ಲೇ ಮುಕ್ಕಾಲು ಗಂಟೆ ನಿಂತುಬಿಟ್ಟೆ. ಬೆನ್ನುಬ್ಬಿದ ಹಳೆಯ ಪರದೆಗಳ ಸಾಲು; ಒಂದೊಂದರಲ್ಲಿ ಒಂದೊಂದು ವೆಬ್‌ಸೈಟು. ಅಂಗಿಯ ಗುಂಡಿ ಮಾರುವವನೊಬ್ಬ ತನ್ನ ಅಂಗಡಿಯ ಖಾನೆಗಳನ್ನೇ ಬರೆದಿದ್ದ. ಯಾವ ಖಾನೆಯನ್ನು ಎಳೆದರೂ ಗುಂಡಿಗಳು ಸದ್ದು ಮಾಡಿಕೊಂಡು ಉರುಳುತ್ತಿದ್ದವು. ಕಿವುಡರ ಶಾಲೆಯ ಶಿಕ್ಷಕಿಯೊಬ್ಬಳು ಬರಿಯ ಚುಕ್ಕೆ ಮತ್ತು ಗೀಟುಗಳಿಂದ ಕೈಬೆರಳುಗಳನ್ನು ಕಟ್ಟಿದ್ದಳು. ಅವು ಮಡಿಚಿ ಬಿಡಿಸಿಕೊಂಡು ಅಕ್ಷರ ಕಲಿಸುತ್ತಿದ್ದವು. ಇನ್ನೊಂದು ಪುಟ ಪೂರ್ತಿ ಕಪ್ಪು. ಮೌಸ್ ಸರಿಸಿದಲ್ಲಿ ಮಾತ್ರ ಒಂದು ಕಂದೀಲಿನ ಬೆಳಕು, ಆ ಬೆಳಕಿನಲ್ಲಿ ಒಂದು ಗಣಿಯ ಕಥೆ. ಎಷ್ಟು ಕಡಿಮೆ ಸಾಮಗ್ರಿ, ಎಂಥ ಅಚ್ಚುಕಟ್ಟಾದ ಕೆಲಸ! ಇವರು ಯಾರನ್ನೂ ನಾನು ಕಂಡವಳಲ್ಲ. ಆದರೂ ಪ್ರತಿಯೊಂದರ ಬುಡದಲ್ಲಿ ಮಾಡಿದವರ ಹೆಸರನ್ನು ಓದಿದಾಗ ಒಡಹುಟ್ಟಿದವರನ್ನು ಕಂಡಂತಾಯಿತು. ಆಮೇಲೆ, ಅಷ್ಟೇ ಬಲವಾಗಿ, ಹೊಟ್ಟೆ ಉರಿಯಿತು. ಕೊನೆಯ ಕೋಣೆಯಲ್ಲಿ, ಗೋಡೆಯಷ್ಟಗಲದ ಪರದೆಯ ಮೇಲೆ, ನನ್ನ ಮನೆ ತಲೆಕೆಳಗಾಗಿ ನೇತಾಡುತ್ತಿತ್ತು.

ಹೊರಡುವಾಗ ಸಂದರ್ಶಕರ ಪುಸ್ತಕದಲ್ಲಿ ದುಂಡಗಿನ ಅಕ್ಷರಗಳಲ್ಲಿ ಬರೆದೆ: 'ತಲೆಕೆಳಗಾದ ಮನೆಯ ಗಾಂಭೀರ್ಯಕ್ಕೆ ಮಾರುಹೋದೆ. ಹಕ್ಕಿಯನ್ನು ಎಲ್ಲಕ್ಕಿಂತ ಕೆಳಗಿಟ್ಟ ಮರ್ಮವೇನು? ಉದ್ಘಾಟನೆಯ ದಿನ ಮಹನೀಯರು ವಿಸ್ತಾರವಾಗಿ ವಿವರಿಸಿದರೆ ಉಪಕಾರವಾದೀತು.' ಸಹಿಯ ಜಾಗದಲ್ಲಿ 'ಅಭಿಮಾನಿ' ಎಂದು ಬರೆದೆ.

ಮಹನೀಯರು ವಿವರಿಸಿದರು. ಇಪ್ಪತ್ತೆರಡು ನಿಮಿಷ ವಿವರಿಸಿದರು. ಸಭಾಂಗಣ ತುಂಬಿತ್ತು, ಮುಂದಿನ ಸಾಲಿನಲ್ಲಿ ಅವರ ಮಗಳು, ಅಳಿಯ, ಮೊಮ್ಮಕ್ಕಳು. ಕೊರಳಪಟ್ಟಿಗೆ ಮೈಕು ಸಿಕ್ಕಿಸಿಕೊಂಡು, ಕೈ ಬೀಸುತ್ತ ಅವರು ಹೇಳಿದರು: "ಹಕ್ಕಿ ಅಂದ್ರೆ ಸ್ವಾತಂತ್ರ್ಯ. ಅದನ್ನ ಮಣ್ಣಿನಡಿ ಹೂತಿಟ್ಟೆ. ಅಡಿಪಾಯನ ಆಕಾಶಕ್ಕೆ ಎತ್ತಿದೆ. ಒಂದೊಂದು ತುಂಡನ್ನೂ ನನ್ನ ಕೈಯಾರೆ ಕತ್ತರಿಸ್ತಾ, ಮನೆ ಅನ್ನೋ ಕಲ್ಪನೆಯನ್ನೇ ನಾನು ಒಡೆದೆ." ಚಪ್ಪಾಳೆ ಬಿತ್ತು. ತಂಗಿ ನನ್ನ ಮಂಡಿ ಹಿಂಡಿದಳು. "ಇನ್ನೂ ಸ್ವಲ್ಪ ಬಿಡು, ಅಕ್ಕಾ," ಎಂದು ಪಿಸುಗುಟ್ಟಿದಳು, "ಚೆನ್ನಾಗಿ ಬೇಯ್ತಾ ಇದೆ."

ಪ್ರದರ್ಶನದ ಮೇಲ್ವಿಚಾರಕಿ, ನಲವತ್ತರ ಆಸುಪಾಸಿನ ಚುರುಕಾದ ಹೆಂಗಸು, ಪ್ರಶ್ನೆಗಳಿದ್ದರೆ ಕೇಳಿ ಎಂದರು. ನಾನು ಎದ್ದು ನಿಂತೆ.

"ಸಾರ್, ಒಂದನೆಯ ತುಂಡು ಯಾವುದು?"

ಅವರು ನನ್ನನ್ನು ಗುರುತಿಸಲಿಲ್ಲ. "ಮೇಲಿನ ಎಡಮೂಲೆ ಅಮ್ಮ. ಎಲ್ಲರೂ ಓದೋದೇ ಅಲ್ಲಿಂದ ಅಲ್ವಾ?"

"ಅದ್ರಲ್ಲಿ ಏನಿದೆ?"

"ಅಡಿಪಾಯದ ಕಲ್ಲು."

"ಸರಿ. ಅದನ್ನ ಒಂದು ಸಲ ಕೆಳಗಿನ ಎಡಮೂಲೇಲಿ ಇಟ್ಟು, ಉಳಿದಿದ್ದನ್ನ ಅಲ್ಲಿಂದ ಮೇಲಕ್ಕೆ ಜೋಡಿಸಿ ನೋಡಬಹುದಾ? ಆಗಿನ ಟೆಲಿಫೋನ್ ವೇಗದಲ್ಲೇ ಬರ್ಲಿ."

ಮೇಲ್ವಿಚಾರಕಿ ಒಂದು ಕ್ಷಣ ನನ್ನನ್ನೇ ದಿಟ್ಟಿಸಿದರು. ಬಳಿಕ ಯಂತ್ರದ ಬಳಿಯಿದ್ದ ಗಡ್ಡದ ತಂತ್ರಜ್ಞನಿಗೆ ಸನ್ನೆ ಮಾಡಿದರು. ಆತ ಏನನ್ನೋ ಬೆರಳಚ್ಚಿಸಿ ಪರದೆಯನ್ನು ಬರಿದು ಮಾಡಿದ.

ಕಲ್ಲು ಬಂತು. ಅದರ ಪಕ್ಕದಲ್ಲಿ ಇನ್ನೊಂದು ಕಲ್ಲು. ಸಭೆಯಲ್ಲಿ ಯಾರೋ ಕೆಮ್ಮಿದರು. ಅಡಿಪಾಯದ ಸಾಲು ತುಂಬಿದಾಗ ಮೆಟ್ಟಿಲು ಮೇಲೆದ್ದಿತು. ಮೆಟ್ಟಿಲ ಮೇಲೆ ಬಾಗಿಲು, ಬಾಗಿಲ ಮೇಲೆ ಕಿಟಕಿ. ಯಾರೂ ಇಟ್ಟಿಗೆ ಹೊರಲಿಲ್ಲ, ಯಾರೂ ಗಾರೆ ಕಲಸಲಿಲ್ಲ. ಮನೆ ತಾನಾಗಿ ಎದ್ದಿತು. ಹೆಂಚು ಕೂತಿತು. ಹೊಗೆಗೂಡು ಮೂಡಿತು. ನಾಲ್ಕನೆಯ ನಿಮಿಷದಲ್ಲಿ ಹಕ್ಕಿ ಬಂದು ಅದರ ಮೇಲೆ ಕೂತಾಗ ಮುಂದಿನ ಸಾಲಿನ ಮಗುವೊಂದು "ತಾತ, ನೀವು ಉಲ್ಟಾ ಇಟ್ಟಿದ್ರಿ" ಎಂದಿತು. ಸಭೆ ನಕ್ಕಿತು.

"ಇದು... ಇದು ಇನ್ನೊಂದು ಆವೃತ್ತಿ," ಎಂದರು ನವಿಲು.

"ಹಾಗಾದ್ರೆ ಕೆಳಗಿಂದ ಯಾಕೆ ಅಂಕಿ ಹಾಕಿದ್ದು, ಸಾರ್? ಕತ್ತರಿಸಿದ ಕೈ ನಿಮ್ಮದಲ್ವಾ, ಹೇಳಿ."

ಆಮೇಲೆ ನಾನೇ ಹೇಳಿದೆ. ಲೋಹದ ಪಟ್ಟಿಯ ವಿಚಾರ, ಬುಡದಲ್ಲಿ ಕೂರುವ ಮೊದಲ ಸಾಲಿನ ವಿಚಾರ, ಹತ್ತೊಂಬತ್ತು ವರ್ಷದ ವಿಚಾರ. ಅವಸರ ಮಾಡಲಿಲ್ಲ, ಒಂದೊಂದು ವಾಕ್ಯವನ್ನೂ ನಿಲ್ಲಿಸಿ, ಒತ್ತಿ, ಮುಂದಕ್ಕೆ ಹೋದೆ. ನಡುವೆ ಅವರು ವೇದಿಕೆಯಿಳಿದು ನನ್ನ ಹತ್ತಿರ ಬಂದು, ತಗ್ಗಿದ ದನಿಯಲ್ಲಿ ಅಂದರು: "ಮೊಮ್ಮಕ್ಕಳು ಕೂತಿದ್ದಾರೆ ಕಣಮ್ಮ, ಸಾಕು ಮಾಡು. ನೀನೇ ಮಾಡಿದ್ದು ಅಂತ ಆವತ್ತೇ ಒಂದು ಮೂಲೇಲಿ ಹಾಕ್ಬೇಕಿತ್ತು, ಹಾಕ್ಲಿಲ್ಲ. ಈಗ ಹಾಕ್ಸ್ತೀನಿ, ಬಿಡು."

ಕೊರಳಪಟ್ಟಿಯ ಮೈಕನ್ನು ಅವರು ಮರೆತಿದ್ದರು. ಆ ಮಾತು ಕೊನೆಯ ಸಾಲಿನವರೆಗೂ ಸ್ಪಷ್ಟವಾಗಿ ಕೇಳಿಸಿತು. ತಮ್ಮ ದನಿಯನ್ನು ಗೋಡೆಗಳಿಂದ ತಾವೇ ಕೇಳಿ ಅವರ ಮುಖ ಸುಣ್ಣವಾಯಿತು. ಮಗಳು ಮಕ್ಕಳನ್ನೆಬ್ಬಿಸಿಕೊಂಡು ಹೊರನಡೆದಳು. ನನಗೆ ಕನಿಕರ ಹುಟ್ಟಬೇಕಾಗಿತ್ತೇನೋ. ಹುಡುಕಿದೆ, ಸಿಗಲಿಲ್ಲ.

ಐದು ದಿನಗಳ ಬಳಿಕ ಮೇಲ್ವಿಚಾರಕಿ ನಮ್ಮ ಮನೆಗೆ ಬಂದರು. ಹೊಸ ಫಲಕದ ಕರಡು ತಂದಿದ್ದರು. ರಚನೆ ಎಂಬಲ್ಲಿ ನನ್ನ ಹೆಸರೊಂದೇ ಇತ್ತು. ಅಕ್ಷರಗಳ ನಡುವಿನ ಜಾಗ ಹೆಚ್ಚಾಗಿತ್ತು, ಬಿಗಿ ಮಾಡಿಸಿದೆ. ಪ್ರದರ್ಶನಕ್ಕೆ ನನ್ನ ಒಪ್ಪಿಗೆಯ ಕಾಗದವನ್ನೂ ಮೇಜಿನ ಮೇಲಿಟ್ಟರು.

"ಸಹಿ ಹಾಕ್ತೀನಿ. ಒಂದು ಷರತ್ತಿದೆ," ಎಂದೆ. "ಅವತ್ತಿನ ಭಾಷಣದ ವೀಡಿಯೊ ಇದೆಯಲ್ಲ, ಇಪ್ಪತ್ತೆರಡು ನಿಮಿಷದ್ದು, ಅದು ಮನೆಯ ಪಕ್ಕದ ಪರದೇಲಿ ಓಡ್ತಾ ಇರಬೇಕು."

ಅವರು ಪೆನ್ನಿನ ಮುಚ್ಚಳವನ್ನು ತಿರುವುತ್ತ ಕುಳಿತರು. "ಅವರ ಮಗಳು ನಿನ್ನೆ ಫೋನ್ ಮಾಡಿದ್ರು. ಅಪ್ಪ ಊಟ ಬಿಟ್ಟಿದ್ದಾರೆ, ಆ ವೀಡಿಯೊ ಎಲ್ಲೂ ತೋರಿಸ್ಬೇಡಿ ಅಂತ ಕೇಳ್ಕೊಂಡ್ರು. ನೀವೇ ಬೇಡ ಅಂದ್ರೆ ನಮಗೂ ಸುಲಭ."

ತಂಗಿ ಹೊಲಿಗೆಯಿಂದ ತಲೆಯೆತ್ತಿದಳು. "ಅಕ್ಕಾ, ಗೆದ್ದಿದ್ದಾಯ್ತಲ್ಲ. ಅಷ್ಟು ಖಾರ ಬೇಡ್ವೇನೋ."

ಮಗಳು ಯಾರೋ, ಅವಳು ನನಗೇನೂ ಮಾಡಿದವಳಲ್ಲ. ಅದನ್ನೂ ಯೋಚಿಸಿದೆ.

"ಪ್ರದರ್ಶನ ಇನ್ನೆಷ್ಟು ದಿನ ಇರುತ್ತೆ?" ಎಂದು ಕೇಳಿದೆ.

"ಎಂಬತ್ನಾಲ್ಕು."

"ಓಡ್ಲಿ," ಎಂದು ಕಾಗದವನ್ನು ಹತ್ತಿರಕ್ಕೆ ಎಳೆದುಕೊಂಡೆ.