ಸೊಸೆ ಕಲಿಸಿದ ಪಾಸ್ತಾ

ಚಳಿ ಬಿಟ್ಟು ಬಿಸಿಲು ಏರತೊಡಗಿದ ಕಾಲ. ಭಾನುವಾರ, ಬೆಳಿಗ್ಗೆ ಹನ್ನೊಂದು ಗಂಟೆ ಇರಬೇಕು. ಬ್ರೆಡ್ಡೆಲ್ಲ ಮಾರಾಟಕ್ಕೆ ಹೋಗಿ, ನಮ್ಮ ಬೇಕರಿಯ ಭಟ್ಟಿ ಬೆಂಕಿಯಿಲ್ಲದೆಯೂ ಹದವಾಗಿ ಕಾದಿರುವ ಹೊತ್ತು. ಸೊಸೆ ಒಂದು ತಟ್ಟೆ ತುಂಬ ಬದನೆಕಾಯಿ, ದಪ್ಪ ಮೆಣಸಿನಕಾಯಿ, ಟೊಮೆಟೊ, ಈರುಳ್ಳಿ ಹೆಚ್ಚಿಕೊಂಡು ಬಂದು, "ಮಾವ, ಇವತ್ತಿಂದ ನೀವು ಪಾಸ್ತಾ ಮಾಡೋದು ಕಲೀತೀರಿ" ಅಂದಳು.

ಯಾಕೆ ಅಂತ ಇಬ್ಬರಿಗೂ ಗೊತ್ತಿತ್ತು. ನನ್ನ ಮಗ ಜ್ವರದಲ್ಲಿ ಹೋಗಿ ನಾಲ್ಕು ವರ್ಷವಾಗಿತ್ತು. ಆಮೇಲೂ ಅವಳು ನನ್ನ ಕೈಬಿಡಲಿಲ್ಲ. ಆಸ್ಪತ್ರೆಯ ಅಡಿಗೆಮನೆಯಲ್ಲಿ ದುಡಿದು ಬಂದು ನನಗೂ ಬೇಯಿಸಿ ಹಾಕುತ್ತಿದ್ದಳು. ಈಗ ಪಕ್ಕದೂರಿನ ಬಸ್ ಡ್ರೈವರ್ ಒಬ್ಬ ಅವಳನ್ನು ಮದುವೆಯಾಗಲು ಕಾಯುತ್ತಿದ್ದ. ಒಳ್ಳೆಯ ಮನುಷ್ಯ, ಕೊಂಕು ತೆಗೆಯೋಣ ಅಂದರೂ ಸಿಗಲಿಲ್ಲ. ಮಾವ ಕೈಯಾರೆ ಒಂದು ಅಡಿಗೆ ನೆಟ್ಟಗೆ ಮಾಡಿಕೊಂಡು ಉಂಡ ದಿನ ಬರ್ತೀನಿ ಅಂತ ಅವನಿಗೆ ಹೇಳಿದ್ದಳಂತೆ. ಅವಳು ತವರಿಗೆ ಹೋದಾಗೆಲ್ಲ ನಾನು ಮೂರು ಹೊತ್ತೂ ಬ್ರೆಡ್ಡೇ ತಿಂದವನು.

ಮೊದಲ ಭಾನುವಾರ ತಪ್ಪಿದ್ದು ನಿಜವಾಗಿಯೇ. ಹೋಳುಗಳಿಗೆ ಎಣ್ಣೆ, ಉಪ್ಪು, ಜಜ್ಜಿದ ಬೆಳ್ಳುಳ್ಳಿ ಸವರಿ ಭಟ್ಟಿಗೆ ತಳ್ಳಿದೆ. ಅದು ಚೆನ್ನಾಗೇ ಬಂತು. ಪಾಸ್ತಾ ಬೇಯಿಸಿ ಬಸಿದೆ. ಬಸಿದವನು, ನಾದಿದ ಹಿಟ್ಟಿಗೆ ಮಾಡುವ ಹಾಗೆ ಮೇಲೆ ಒದ್ದೆ ಬಟ್ಟೆ ಹೊದಿಸಿ ಅರ್ಧ ಗಂಟೆ ಬಿಟ್ಟೆ. ತೆಗೆದು ನೋಡಿದರೆ ಎಲ್ಲ ಅಂಟಿಕೊಂಡು ಒಂದೇ ಮುದ್ದೆ.

"ಉಬ್ಬಲಿ ಅಂತ ಕಾಯ್ತಿದ್ರಾ ಮಾವ?" ಅಂತ ಸೊಸೆ ಗೋಡೆಗೆ ಒರಗಿ ನಕ್ಕಳು. ಮಗ ಹೋದ ಮೇಲೆ ಹಾಗೆ ನಕ್ಕದ್ದು ಅದೇ ಮೊದಲು. ಸಂಜೆ ಡ್ರೈವರ್ ಬಂದಾಗ, ಇನ್ನೊಂದು ವಾರ ತಡೀರಿ ಅಂದಳು.

ಆ ಒಂದು ವಾರ ನನಗೆ ರುಚಿ ಹತ್ತಿಸಿತು. ಎರಡನೆ ಭಾನುವಾರ ಪಾಸ್ತಾ ಬೇಯುವ ನೀರಿಗೆ ಉಪ್ಪು ಹಾಕಲಿಲ್ಲ. ಮೂರನೆಯ ಸಲ ತರಕಾರಿ ಕರಕಲಾಗುವ ತನಕ ಭಟ್ಟಿಯ ಮುಂದೆ ಸುಮ್ಮನೆ ಕೂತೆ. ಬೇಕಂತಲೇ. ಬೆಳಿಗ್ಗೆ ಅವಳು ಚಪ್ಪಲಿ ಮೆಟ್ಟಿ ಹೊರಡುವ ಸದ್ದು, ಸಂಜೆ ಬಾಗಿಲಲ್ಲೇ ಟೀ ಕುಡಿದ್ರಾ ಅಂತ ಕೇಳುವ ಆ ಒಂದು ಮಾತು. ಇಷ್ಟಕ್ಕೇ.

ನಾಲ್ಕನೆಯ ಸಲವೂ ಸೀಯಿಸಿದೆ. ಸೊಸೆ ಒಂದು ತುತ್ತು ಬಾಯಿಗಿಟ್ಟು ತಟ್ಟೆ ಸರಿಸಿದಳು. ನಲವತ್ತು ವರ್ಷದಲ್ಲಿ ನಿಮ್ಮ ಕೈಲಿ ಒಂದು ಬನ್ನು ಸೀದಿದ್ದನ್ನ ಯಾರೂ ಕಂಡಿಲ್ಲವಂತೆ ಅಂದಳು. ಅವಳು ಎದ್ದು ಹೋಗಿ ಕರಕಲು ತಟ್ಟೆ ಉಜ್ಜತೊಡಗಿದಳು. ಉಜ್ಜುತ್ತಲೇ, ತಿರುಗದೆ ಹೇಳಿದಳು:

"ನಾನು ಬರಲ್ಲ ಅಂತ ಅವರಿಗೆ ಹೇಳಿಬಿಡ್ತೀನಿ, ಬಿಡಿ. ನಂಗೇನೂ ಬೇಜಾರಿಲ್ಲ."

ನಾನು ಆಸೆಪಟ್ಟದ್ದು ಕೈಗೇ ಬಂದಿತ್ತು. ಆದರೆ ಅವಳ ಬೆನ್ನು ಕಾಣುತ್ತಿತ್ತು. ಮಗನನ್ನು ಮಣ್ಣು ಮಾಡಿ ಬಂದ ದಿನವೂ ಅವಳು ಹೀಗೇ ಬೆನ್ನು ಬಗ್ಗಿಸಿಕೊಂಡು ಪಾತ್ರೆ ಉಜ್ಜಿದ್ದಳು.

"ಭಟ್ಟಿ ಇನ್ನೂ ಆರಿಲ್ಲ ಕಣಮ್ಮ" ಅಂದೆ. "ನೀನು ಕೂತ್ಕೋ. ನಾನು ಇನ್ನೊಂದ್ಸಲ ಮಾಡ್ತೀನಿ."

ನಾನೇ ಹೆಚ್ಚಿದೆ. ಬದನೆ ಮೆತ್ತಗಾಗಿ, ಈರುಳ್ಳಿಯ ಅಂಚು ಕೆಂಪಾಗುವ ಹೊತ್ತಿಗೆ ತೆಗೆದೆ. ಪಾಸ್ತಾ ಒಂದನ್ನು ಕಚ್ಚಿ ನೋಡಿ ಬಸಿದು, ಬಿಸಿಯಲ್ಲೇ ತರಕಾರಿಗೆ ಸುರಿದು, ಬಸಿದ ನೀರು ಒಂದು ಸೌಟು ಹಾಕಿ ಕಲಸಿದೆ. ಅವಳು ಎರಡು ಸಲ ಬಡಿಸಿಕೊಂಡು ಉಂಡಳು. ಇಷ್ಟು ಬೇಗ ಹೇಗೆ ಕಲಿತಿರಿ ಅಂತ ಕೇಳಲಿಲ್ಲ.

"ಇನ್ನು ಒಬ್ರೇ ಮಾಡ್ಕೋತೀರಲ್ಲ?"

"ಮಾಡ್ಕೋತೀನಿ."

ಮದುವೆ ರಿಜಿಸ್ಟ್ರಾರ್ ಆಫೀಸಿನಲ್ಲಾಯಿತು. ಸಾಕ್ಷಿಗೆ ನಾನೇ ನನ್ನ ಸೊಟ್ಟ ಅಕ್ಷರದಲ್ಲಿ ಸಹಿ ಹಾಕಿದೆ. ಡ್ರೈವರ್ ತಾನು ಓಡಿಸುವ ಬಸ್ಸಿನಲ್ಲೇ ಅವಳ ಪೆಟ್ಟಿಗೆ ಇಟ್ಟುಕೊಂಡ. ಅವಳು ಹತ್ತಿದಳು, ಇಳಿದು ಬಂದು ನನ್ನ ಕೈ ಹಿಡಿದುಕೊಂಡಳು, ಮತ್ತೆ ಹತ್ತಿದಳು. ಸೊಸೆ ಹೋದದ್ದು ಬುಧವಾರ. ಭಾನುವಾರ ಹನ್ನೊಂದು ಗಂಟೆಗೆ ನಾನೊಬ್ಬನೇ ಬದನೆ ಹೆಚ್ಚಿಕೊಂಡು ಭಟ್ಟಿಯ ಮುಂದೆ ಕೂತೆ.