ನಲವತ್ತು ಮನೆಯ ಮೆಚ್ಚುಗೆ

ಹತ್ತು ವರ್ಷ ನಾನು ಒಂದೇ ಕಾಳಿನ ಬೆನ್ನು ಹತ್ತಿದ್ದೆ. ರಕ್ತ ಕಡಿಮೆ ಇರುವ ಮಕ್ಕಳಿಗೆಂದು ಬೆಳೆಸಿದ, ಕಬ್ಬಿಣದಂಶ ಹೆಚ್ಚಿರುವ ಬೀನ್ಸ್ ಕಾಳಿನ ತಳಿ ಅದು. ನಮ್ಮ ಸಂಶೋಧನಾ ಕೇಂದ್ರದಿಂದ ಒಂದೇ ಬೀದಿಯ ನಲವತ್ತು ಮನೆಗಳಿಗೆ ಆರು ತಿಂಗಳಿಗಾಗುವಷ್ಟು ಕಾಳು ಕೊಟ್ಟಿದ್ದೆವು. ಅದರಲ್ಲಿ ನನ್ನ ಅಕ್ಕನ ಮನೆಯೂ ಒಂದು. ಅವಳ ಮಗಳಿಗೆ ರಕ್ತ ತೀರಾ ಕಡಿಮೆ. ಪ್ರತಿ ತಿಂಗಳು ನಮ್ಮ ಅಭಿಪ್ರಾಯದ ಫಾರಂನಲ್ಲಿ ನಲವತ್ತೂ ಮನೆಯವರು ಬರೆದದ್ದು ಒಂದೇ: ದಿನಾ ತಿನ್ನುತ್ತೇವೆ, ಚೆನ್ನಾಗಿದೆ.

ಮಕ್ಕಳ ರಕ್ತ ಮಾತ್ರ ಏರಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಹಾಗೇ ನಾನೂ ಹೋಗಿ ರಕ್ತ ಪರೀಕ್ಷೆ ಮಾಡುವ ನರ್ಸಮ್ಮನ ಮೇಲೆ ಹರಿಹಾಯ್ದೆ. "ನಿಮಗೆ ಆ ಮೆಷಿನ್ ಹಿಡಿಯೋಕೇ ಬರಲ್ಲ" ಎಂದು ಎಲ್ಲರೆದುರಿಗೇ ಅಂದುಬಿಟ್ಟೆ. ಆಕೆ ಎಲ್ಲ ಮಕ್ಕಳಿಗೂ ಮತ್ತೊಮ್ಮೆ ಸೂಜಿ ಚುಚ್ಚಿದರು. ಫಲಿತಾಂಶ ಬದಲಾಗಲಿಲ್ಲ.

ತಳಿಯನ್ನು ರೈತರಿಗೆ ಬಿಡುಗಡೆ ಮಾಡುವ ಸಭೆಗೆ ಒಂದು ದಿನ ಇದೆ ಎನ್ನುವಾಗ, ಹೇಳದೆ ಕೇಳದೆ ಅಕ್ಕನ ಮನೆಗೆ ಹೋದೆ. ಅವಳು ಹಿತ್ತಲಲ್ಲಿ ನಿಂತು ಪಾತ್ರೆಯಿಂದ ಅರೆಬೆಂದ ಕಾಳನ್ನು ಕೋಳಿಗಳಿಗೆ ಎರಚುತ್ತಿದ್ದಳು. ನನ್ನ ಕಾಳು.

"ಯಾವಾಗಿಂದ ಅಕ್ಕ ಇದು?"

"ಎರಡನೇ ತಿಂಗಳಿಂದ. ಮೊದಮೊದಲು ಬೇಯ್ತಿತ್ತಪ್ಪ. ಡಬ್ಬೀಲಿಟ್ಟು ಹಳೇದಾಯ್ತು ನೋಡು, ಮೂರು ಗಂಟೆ ಬೇಯಿಸಿದ್ರೂ ಕಲ್ಲು. ಇರೋದು ಒಂದೇ ಒಲೆ. ನಿನ್ನ ಬೇಳೆ ಬೇಯಲ್ಲ ಅಂತ ಜನ ಮಾತಿಗೆ ಅಂತಾರೆ, ನಿಂದು ನಿಜವಾಗ್ಲೂ ಬೇಯಲ್ಲ ಕಣೋ."

ಕೇಂದ್ರದಲ್ಲಿ ನಾವು ಬೇಯಿಸಿ ನೋಡಿದ್ದು ಕೊಯ್ಲಾದ ವಾರದ ಕಾಳನ್ನು, ಅದೂ ಕುಕ್ಕರಿನಲ್ಲಿ. ನಾನಂತೂ ಅದನ್ನು ಒಂದು ದಿನವೂ ನನ್ನ ಮನೆಗೆ ಒಯ್ದವನಲ್ಲ.

"ಮತ್ತೆ ಚೆನ್ನಾಗಿದೆ ಅಂತ ಯಾಕೆ ಬರೆದೆ?"

"ಹತ್ತು ವರ್ಷ ಒದ್ದಾಡಿದೀಯ, ನಿನ್ನ ಹೆಸರು ಕೆಡೋದು ಬೇಡ ಅಂತ. ಬೀದಿಯವರಿಗೂ ನಾನೇ ಹೇಳಿದೆ. ನನ್ನ ತಮ್ಮನ ಕಾಳು, ಚೆನ್ನಾಗಿದೆ ಅಂತಲೇ ಬರೀರಿ ಅಂತ."

ಅವಳ ಮೇಲೆ ಸಿಟ್ಟಾಗೋಣವೆಂದರೆ ಯಾವ ಮುಖ ಇಟ್ಟುಕೊಂಡು ಆಗಲಿ? ಕಾಳು ಬೇಯುತ್ತದೆಯೇ ಎಂಬ ಪ್ರಶ್ನೆಯೇ ಆ ಫಾರಂನಲ್ಲಿ ಇರಲಿಲ್ಲ. ಅದನ್ನು ಕೂತು ಬರೆದವನೂ ನಾನೇ.

ಅಷ್ಟರಲ್ಲಿ ಅಕ್ಕನ ಮಗಳು ಶಾಲೆಯಿಂದ ಬಂದಳು. ಮುಖ ಬಿಳಿಚಿತ್ತು, ಎರಡು ಮೆಟ್ಟಿಲು ಹತ್ತುವಷ್ಟರಲ್ಲಿ ಏದುಸಿರು. ನನ್ನನ್ನು ಕಂಡವಳೇ ಪಾತ್ರೆಗೆ ಕೈ ಹಾಕಿ, ಒಂದು ಕಾಳು ಬಾಯಿಗೆ ಎಸೆದುಕೊಂಡು ಕಟಕಟ ಅಗಿದಳು.

"ದಿನಾ ತಿಂತೀವಿ ಮಾಮ, ಚೆನ್ನಾಗಿದೆ" ಎಂದಳು. ಸರಿಯಾಗಿ ಹೇಳಿದೆನಾ ಎಂಬಂತೆ ಅಮ್ಮನ ಮುಖ ನೋಡಿದಳು.

"ಉಗುಳು ಪುಟ್ಟಿ" ಎಂದು ಅವಳ ಬಾಯಿಯ ಕೆಳಗೆ ಅಂಗೈ ಒಡ್ಡಿದೆ. "ಚೆನ್ನಾಗಿಲ್ಲ ಅಂತ ನಾಳೆ ಸಭೇಲಿ ನಾನೇ ಹೇಳ್ತೀನಿ."

ಅವಳು ಆಗಲೂ ಉಗುಳಲಿಲ್ಲ. ಮಾಮನಿಗೆ ಬೇಜಾರಾದೀತೆಂದು ಹಾಗೇ ನುಂಗಿದಳು.