ಹನ್ನೊಂದನೇ ಷರತ್ತು

ಕೂಪನ್ ಕಂಪನಿಯವನು ಮೊದಲ ಸಲ ಅಂಗಡಿಗೆ ಬಂದಾಗ ನನ್ನ ಹೆಬ್ಬೆಟ್ಟಿಗೆಂದು ಶಾಯಿಯ ಡಬ್ಬಿ ಮುಂದಿಟ್ಟ. ನನಗೆ ರೇಗಿತು. ಅರವತ್ತು ದಾಟಿದ ಮೇಲೆ ರಾತ್ರಿ ಶಾಲೆಗೆ ಹೋಗಿ ಅಕ್ಷರ ಕಲಿತವಳು ನಾನು. ಡಬ್ಬಿಯನ್ನು ಸರಿಸಿ, ಅವನ ಪೆನ್ನನ್ನೇ ಇಸಿದುಕೊಂಡು, ಒಂದು ಒತ್ತೂ ತಪ್ಪದಂತೆ ಸಹಿ ಮಾಡಿದೆ. ಸಹಿಯ ಸಂಭ್ರಮದಲ್ಲಿ ಕಾಗದ ಓದುವುದೇ ಮರೆತುಹೋಯಿತು.

ನಮ್ಮದು ಬಟ್ಟೆ ಸರಿಪಡಿಸುವ ಅಂಗಡಿ. ಮಿಷನ್ ತುಳಿಯುವವಳು ಸೊಸೆ, ಹೊಲಿಗೆ ಬಿಚ್ಚುವವಳು ನಾನು. ಮೊಬೈಲಿನಲ್ಲಿ ಅರ್ಧ ಬೆಲೆಯ ಕೂಪನ್ ಕೊಂಡವರು ಮರುವಾರವೇ ಮೂಟೆ ಹೊತ್ತು ಬಂದರು. ಆ ಅರ್ಧದಲ್ಲೂ ಅರ್ಧ ಕಂಪನಿಯ ಪಾಲು. ಹಳೆಯ ಗಿರಾಕಿಗಳು ನಿಲ್ಲಲು ಜಾಗವಿಲ್ಲದೆ ಹಿಂದಿನ ಬೀದಿಯ ದರ್ಜಿಯ ಬಳಿಗೆ ಹೋದರು. ಸೊಸೆಯ ಕಾಲು ಬಾತು ಚಪ್ಪಲಿಗೆ ಹಿಡಿಸದಾಯಿತು. ಕೂಪನ್ ಮಾರುವುದು ನಿಲ್ಲಿಸಪ್ಪ, ಇಲ್ಲವಾದರೆ ಅಂಗಡಿಯನ್ನೇ ಮುಚ್ಚಬೇಕಾಗುತ್ತದೆ ಎಂದು ಫೋನು ಮಾಡಿದರೆ ನಕ್ಕುಬಿಟ್ಟ.

"ಸಹಿ ಹಾಕಿದ್ದು ನೀವೇ ಅಲ್ವಾ ಅಜ್ಜಿ? ಷರತ್ತು ಓದ್ಕೊಳ್ಳಿ."

ಓದಿಕೊಂಡೆ. ಸಾಸಿವೆ ಕಾಳಿನಂಥ ಅಕ್ಷರ. ಬೆರಳಿಟ್ಟು ಓದಲು ನಾಲ್ಕು ದಿನ ಹಿಡಿಯಿತು. ಹನ್ನೊಂದನೆಯದನ್ನು ಎರಡು ಸಲ ಓದಿ ಕಾಗದವನ್ನು ಡ್ರಾಯರಿನಲ್ಲಿಟ್ಟೆ. ಕೂಪನ್ ಮಾರುವವನು ಪೂರ್ತಿ ಬೆಲೆ ಕೊಟ್ಟು ಎಲ್ಲೂ ಹೊಲಿಸುವವನಲ್ಲ. ಬರುತ್ತಾನೆ ಎಂದುಕೊಂಡು ಕಾದೆ.

ಎರಡು ತಿಂಗಳಿಗೆ ಬಂದ, ತನ್ನ ಮದುವೆಯ ಕೋಟು ಹಿಡಿದು. ತೋಳು ಬೆರಳು ಮುಚ್ಚುವಷ್ಟು ಉದ್ದ, ಮದುವೆಗೆ ಇನ್ನು ಆರು ದಿನ. ಸಂಕೋಚವಿಲ್ಲದೆ ಫೋನಿನಲ್ಲಿ ಕೂಪನ್ ತೋರಿಸಿದ. ಸೊಸೆ ಏನೋ ಅನ್ನಲು ಹೊರಟಳು, ಕಣ್ಣಲ್ಲೇ ತಡೆದೆ. ಅಳತೆ ತೆಗೆದೆ. ಅಳತೆಯಾದ ಕೂಡಲೇ ಗಿರಾಕಿಯ ಎದುರೇ ಹೊಲಿಗೆ ಬಿಚ್ಚುವುದು ನಮ್ಮಲ್ಲಿ ಪದ್ಧತಿ, ಆಮೇಲೆ ತಕರಾರು ಬರಬಾರದೆಂದು. ಎರಡೂ ತೋಳುಗಳನ್ನು ಭುಜದಿಂದ ಬಿಚ್ಚಿ ಮೇಜಿನ ಮೇಲಿಟ್ಟು, ಅರವತ್ತಮೂರನೇ ನಂಬರಿನ ಚೀಟಿ ಕೊಟ್ಟೆ.

ನಾಳೆ ಬರಲೇ ಎಂದು ಕೇಳಿದ. ಡ್ರಾಯರಿನಿಂದ ಕಾಗದ ತೆಗೆದು, ಬೆಂಚಿನ ಮೇಲಿದ್ದವರಿಗೆಲ್ಲ ಕೇಳುವಂತೆ ಅವನಿಂದಲೇ ಓದಿಸಿದೆ. ಕೂಪನ್ ತಂದವರ ಕೆಲಸ ಬಂದ ಸರದಿಯಂತೆಯೇ ಆಗತಕ್ಕದ್ದು, ಸರದಿ ಮುರಿದರೆ ಅಂಗಡಿಗೆ ದಂಡ.

"ನಿಮ್ಮ ಮುಂದೆ ಅರವತ್ತೆರಡು ಜನ ಇದ್ದಾರಪ್ಪ. ಹದಿನೈದು ದಿನ ಆಗುತ್ತೆ."

ಪೂರ್ತಿ ಬೆಲೆ ಕೊಡುತ್ತೇನೆಂದ, ಎರಡರಷ್ಟು ಕೊಡುತ್ತೇನೆಂದ. ತೋರಿಸಿದ ಕೂಪನ್ ಹಿಂದಕ್ಕೆ ಪಡೆಯುವಂತಿಲ್ಲ, ಅದು ಒಂಬತ್ತನೆಯದು ಎಂದೆ. ಕೋಟನ್ನೂ ತೋಳುಗಳನ್ನೂ ಬಾಚಿಕೊಂಡು ಹಿಂದಿನ ಬೀದಿಗೆ ಓಡಿದ. ಒಬ್ಬರು ಬಿಚ್ಚಿದ ಬಟ್ಟೆಗೆ ಇನ್ನೊಬ್ಬ ದರ್ಜಿ ಕೈಹಾಕುವುದಿಲ್ಲ. ಅದು ನಮ್ಮ ಕಸುಬಿನ ಕಟ್ಟು. ಬೆವರು ಒರೆಸಿಕೊಳ್ಳುತ್ತ ಮರಳಿ ಬಂದವನೇ ಆಫೀಸಿಗೆ ಫೋನು ಮಾಡಿ, ನಮ್ಮ ಅಂಗಡಿಯ ಕೂಪನ್ ಮಾರಾಟವನ್ನೇ ನಿಲ್ಲಿಸಿಬಿಟ್ಟ. ಸೊಸೆ ಮೊಬೈಲು ನೋಡಿ, ಹೌದತ್ತೆ ಎಂದಳು. ಅವನು ಆಸೆಯಿಂದ ನನ್ನ ಮುಖ ನೋಡಿದ.

"ಉಪಕಾರ ಆಯ್ತು. ಆದ್ರೆ ನೀವು ಚೀಟಿ ತಗೊಂಡಿದ್ದು ಅದಕ್ಕಿಂತ ಮುಂಚೆ."

ಅವನ ಮದುವೆಯ ದಿನ ನಾವು ಇಪ್ಪತ್ತಾರನೇ ನಂಬರಿನ ಪ್ಯಾಂಟು ಗಿಡ್ಡ ಮಾಡುತ್ತಿದ್ದೆವು. ಕೋಟು ಗೂಟದಲ್ಲಿತ್ತು, ತೋಳುಗಳು ಅದರ ಜೇಬಿನಲ್ಲಿ. ಹದಿನೈದನೇ ದಿನ ಒಂದೆಳೆ ಆಚೀಚೆಯಾಗದಂತೆ ಹೊಲಿದೆವು. ಕೆಲಸಕ್ಕೆ ನಾನು ಎಂದೂ ಮೋಸ ಮಾಡಿದವಳಲ್ಲ.

ತಗೊಂಡು ಹೋಗಲು ಬಂದಾಗ ರಸೀದಿಗೆ ಸಹಿ ಹಾಕಿ ಎಂದೆ. ಪೆನ್ನು ಹಿಡಿದವನು ಹಾಗೇ ನಿಂತು, ತುಟಿ ಆಡಿಸುತ್ತ, ಮೇಲಿನ ಸಾಲಿನಿಂದ ಓದತೊಡಗಿದ. ನಾನು ಅವಸರ ಮಾಡಲಿಲ್ಲ.